ಎಲ್ಲಿಯವರೆಗೆ ಓದಿಸುವುದು

ನಾನು ಮೆಟ್ರಿಕ್ಯುಲೇಷನ್ ಪಾಸಾದ ಸುದ್ದಿ ಯಗಟಿಗೆ ಬಂದಾಗ ಹುಣಸೆಹಣ್ಣು ಬಡಿಯುವ ಕಾಲ. ನಾನು ಮರದ ಮೇಲಿದ್ದೆ, ಅಪ್ಪ ಕೆಳಗಿದ್ದ. ಟಪಾಲಿನವನು ಕಾಗದ ಓದಿ ಹೇಳಿದ. ಅಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, "ಇಲ್ಲಿಗೆ ಮುಗೀತಾ, ಇನ್ನೂ ಐತಾ?" ಎಂದು ಕೇಳಿದ. ಇನ್ನೂ ಇದೆ ಎಂದು ಟಪಾಲಿನವನು ಹೇಳಿದ. ಎಷ್ಟಿದೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಅಪ್ಪ ತಲೆಯೆತ್ತಿ ನನ್ನನ್ನು ನೋಡಿ, "ಆ ಕೊಂಬೆ ಬಿಟ್ಟಿದೀಯಲ್ಲೋ" ಎಂದ. ನಾನು ಆ ಕೊಂಬೆಯನ್ನೂ ಬಡಿದೆ.

ಸಂಜೆ ನನಗೆ ತಿಳಿದಷ್ಟನ್ನು ಅಪ್ಪನಿಗೆ ವಿವರಿಸಿದೆ. ಇಲ್ಲಿಗೇ ನಿಲ್ಲಿಸಿ ಯಾವುದಾದರೂ ಕಚೇರಿ ಸೇರಬಹುದು. ಇನ್ನೆರಡು ವರ್ಷ ಓದಿದರೆ ಎಫ್.ಎ. ಅದರ ಮೇಲೆ ಮತ್ತೆರಡು ವರ್ಷ ಓದಿದರೆ ಬಿ.ಎ. ಮೇಷ್ಟರಾಗುವವರಿಗೆ ನಾರ್ಮಲ್ ಸ್ಕೂಲು ಎಂಬುದೊಂದು ಬೇರೆ ಇದೆ ಎಂದೂ ಹೇಳಿದೆ. ಅದನ್ನು ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಒತ್ತಿ ಹೇಳಲಿಲ್ಲ.

ನನಗೆ ಏನು ಬೇಕು ಎಂದು ಯಾರೂ ಕೇಳಲಿಲ್ಲ. ಇದನ್ನು ದೂರೆಂದು ಬರೆಯುತ್ತಿಲ್ಲ. ಕೇಳಿದ್ದರೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಚಿಕ್ಕಮಗಳೂರಿನಲ್ಲಿ ಹೈಸ್ಕೂಲು ಓದುತ್ತ ಮಠದಲ್ಲಿ ಊಟ ಮಾಡಿಕೊಂಡಿದ್ದ ವರ್ಷಗಳಲ್ಲಿ ನಾನು ಮನಸಾರೆ ಬಯಸಿದ್ದೆಂದರೆ, ಬಡಿಸುವವರು ಎರಡನೇ ಸಲ ಸಾರು ತೆಗೆದುಕೊಂಡು ನಮ್ಮ ಸಾಲಿಗೂ ಬರಲಿ ಎಂಬುದು ಮಾತ್ರ.

ಅಪ್ಪ ಯಾವುದನ್ನೂ ಕಣ್ಣಾರೆ ನೋಡದೆ ತೀರ್ಮಾನಿಸುವವನಲ್ಲ. ಎತ್ತು ಕೊಳ್ಳಬೇಕಾದರೆ ಮಾರುವವನ ಮನೆಗೆ ಹೋಗಿ ಒಂದು ದಿನ ಸುಮ್ಮನೆ ಕೂರುತ್ತಿದ್ದ. ಎತ್ತು ಹೇಗೆ ಮೇಯುತ್ತದೆ, ಹೇಗೆ ನೀರು ಕುಡಿಯುತ್ತದೆ, ಮಲಗಿದ್ದು ಏಳುವಾಗ ಯಾವ ಕಾಲು ಮೊದಲು ಊರುತ್ತದೆ, ಎಲ್ಲ ನೋಡಿಕೊಂಡು ಎದ್ದು ಬರುತ್ತಿದ್ದ. ಓದಿನ ವಿಷಯದಲ್ಲೂ ಅದೇ ಕ್ರಮ ಸರಿ ಎಂದು ಅವನಿಗೆ ತೋರಿತು.

"ಮೂರು ಥರ ಅಂತೀಯ. ಮೂರು ಥರದವ್ರನ್ನೂ ನೋಡ್ಬಿಡಾಣ. ಆಮೇಲೆ ಹೇಳ್ತೀನಿ" ಎಂದ.

ಮೊದಲು ಕಡೂರು. ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ನಮ್ಮ ಮಠಕ್ಕೆ ನಡೆದುಕೊಳ್ಳುವ ಮನೆತನದ ಗುಮಾಸ್ತರೊಬ್ಬರಿದ್ದರು. ಮೆಟ್ರಿಕ್ಯುಲೇಷನ್ ಪಾಸಾಗಿ ಅಲ್ಲಿಗೇ ನಿಲ್ಲಿಸಿದವರು. ಗಾಡಿ ಕಟ್ಟಿಕೊಂಡು ಹೋದೆವು. ಅಪ್ಪ ಅವರನ್ನು ಮಾತಾಡಿಸಲು ಅವಸರ ಮಾಡಲಿಲ್ಲ. ಕಚೇರಿಯ ಎದುರು ಹೊಂಗೆಮರದ ಕೆಳಗೆ ಕೂತ. ಅಲ್ಲಿಂದ ತೆರೆದ ಬಾಗಿಲಲ್ಲಿ ಗುಮಾಸ್ತರ ಮೇಜು ಕಾಣುತ್ತಿತ್ತು. ಒಳಕೋಣೆಯಲ್ಲಿ ಅಮಲ್ದಾರರು ಗಂಟೆ ಒತ್ತಿದಾಗಲೆಲ್ಲ ಗುಮಾಸ್ತರು ತಟ್ಟನೆ ಎದ್ದು, ಅಂಗಿ ಸರಿಮಾಡಿಕೊಂಡು ಒಳಗೆ ಹೋಗಿ ಬರುತ್ತಿದ್ದರು. ಅವರು ಎದ್ದಾಗಲೆಲ್ಲ ಅಪ್ಪ ಒಂದು ಹುಣಸೆಬೀಜವನ್ನು ವಸ್ತ್ರದ ಅಂಚಿಗೆ ಹಾಕಿಕೊಳ್ಳುತ್ತಿದ್ದ.

ಊಟದ ಹೊತ್ತಿಗೆ, "ಹನ್ನೊಂದು ಸಲ ಎದ್ದ ಕಣೋ" ಎಂದ ಅಪ್ಪ.

ಗುಮಾಸ್ತರು ಹೊರಗೆ ಬಂದು ನಮ್ಮನ್ನು ನೋಡಿ ಸಂತೋಷಪಟ್ಟರು. ವಿಷಯ ಕೇಳಿ, "ಬಿ.ಎ. ಮಾಡ್ಸಿ ಯಜಮಾನ್ರೆ, ಹಿಂದೆಮುಂದೆ ನೋಡ್ಬೇಡಿ. ಬಿ.ಎ. ಮಾಡ್ದೋರು ಕೂತಿರ್ತಾರೆ" ಎಂದರು. ಅಮಲ್ದಾರರು ಬಿ.ಎ. ಎಂದು ತಿಳಿಯಿತು. ಆದರೆ ಅವರು ಒಳಗೆ ಕೂತಿದ್ದರಿಂದ, ಅವರು ಹೇಗೆ ಕೂತಿದ್ದಾರೆ ಎಂದು ನೋಡುವ ಅನುಕೂಲ ಅಪ್ಪನಿಗೆ ಇರಲಿಲ್ಲ.

ಎರಡನೆಯ ಪ್ರಯಾಣ ಕೂಡಲೇ ಆಗಲಿಲ್ಲ. ಹೊಲದ ಕೆಲಸ ಬಂತು, ಮನೆಯಲ್ಲೊಂದು ಮದುವೆ ಬಂತು, ತೆಂಗಿನಕಾಯಿ ಕೀಳಿಸುವುದು ಬಂತು. ಈ ನಡುವೆ ಹೈಸ್ಕೂಲಿನ ಹೆಡ್‌ಮಾಸ್ತರರಿಂದ ಒಂದು ಕಾಗದವೂ ಬಂತು. ಕಾಲೇಜುಗಳಲ್ಲಿ ಆ ವರ್ಷದ ಪ್ರವೇಶ ಮುಗಿದಿದೆ, ನೀನು ಯಾಕೆ ಅರ್ಜಿ ಹಾಕಲಿಲ್ಲ ಎಂದು ಅವರು ಕೇಳಿದ್ದರು. ಅದನ್ನು ಅಪ್ಪನಿಗೆ ಓದಿ ಹೇಳಿದೆ. "ಕಾಲೇಜು ಎಲ್ಗೋದಾತು? ಬರೋ ವರ್ಷಾನೂ ಅಲ್ಲೇ ಇರ್ತದೆ" ಎಂದು ಅಪ್ಪ ಸಮಾಧಾನ ಹೇಳಿದ. ನಾನು ಕೂಡ ಸಮಾಧಾನಪಟ್ಟೆ. ಮನೆಯಲ್ಲಿ ಸಾರು ಬೇಕಾದಷ್ಟಿತ್ತು.

ಆಮೇಲೆ ತರೀಕೆರೆಗೆ ಹೊರಟೆವು. ಅಲ್ಲಿ ನಮಗೆ ದೂರದ ನೆಂಟರಾದ, ಬಿ.ಎ. ಮಾಡಿದ ವಕೀಲರೊಬ್ಬರಿದ್ದರು. ಅವ್ವ ತಾನೂ ಬರುತ್ತೇನೆ ಎಂದಳು. ಅವಳು ಅದುವರೆಗೆ ರೈಲು ಹತ್ತಿರಲಿಲ್ಲ. ಅಲ್ಲದೆ ಅವಳ ತಂಗಿ, ನನ್ನ ಚಿಕ್ಕವ್ವ, ಇದ್ದದ್ದು ಅಜ್ಜಂಪುರದಲ್ಲಿ. ತರೀಕೆರೆಯಿಂದ ಬೀರೂರಿಗೆ ಹಿಂದಿರುಗಿ ಗಾಡಿ ಬದಲಾಯಿಸಿದರೆ ಅಲ್ಲಿಗೂ ಹೋಗಿ ಬರಬಹುದಾಗಿತ್ತು. ಚಿಕ್ಕವ್ವನ ಗಂಡ ಎಫ್.ಎ. ಪಾಸಾದವರು ಎಂಬುದು ನಮ್ಮ ನೆಂಟರಿಷ್ಟರಲ್ಲೆಲ್ಲ ಪ್ರಸಿದ್ಧವಾಗಿತ್ತು. ಹೀಗಾಗಿ ಒಂದೇ ಪ್ರಯಾಣದಲ್ಲಿ ಉಳಿದೆರಡು ಥರವನ್ನೂ ನೋಡಿದಂತಾಗುತ್ತದೆ ಎಂದು ಅಪ್ಪ ಒಪ್ಪಿದ.

ವಕೀಲರ ಮನೆಯಲ್ಲಿ ಮೂರು ಗೋಡೆಗೆ ಪುಸ್ತಕಗಳಿದ್ದವು. ಅವರು ನಮ್ಮನ್ನು ಕೂರಿಸಿ, ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ನಿನಗೆ ಯಾವ ವಿಷಯದಲ್ಲಿ ಆಸಕ್ತಿ ಎಂದು ಕೇಳಿದರು. ಪ್ರಶ್ನೆ ನನಗೆ ಸಂಪೂರ್ಣವಾಗಿ ಅರ್ಥವಾಯಿತು. "ಯೆಸ್ ಸರ್" ಎಂದೆ. ಅವರು ಸ್ವಲ್ಪ ಹೊತ್ತು ಕಾದು, ಮತ್ತೇನೂ ಬಾರದಿದ್ದರಿಂದ ಅಪ್ಪನ ಕಡೆ ತಿರುಗಿದರು. ಕಾಲುಗಂಟೆ ಮಾತಾಡಿದರು. ಕನ್ನಡದಲ್ಲಿ ಶುರುವಾದ ವಾಕ್ಯಗಳು ಇಂಗ್ಲಿಷಿನಲ್ಲಿ ಮುಗಿಯುತ್ತಿದ್ದವು. ಅಪ್ಪ ಕೈಕಟ್ಟಿಕೊಂಡು ಪೂರ್ತಿ ಕೇಳಿದ.

ಹೊರಗೆ ಬಂದು ಕಾಲು ತೊಳೆಯುವಾಗ, "ಏನಂದ್ರೋ?" ಎಂದು ನನ್ನನ್ನು ಕೇಳಿದ.

ಬಿ.ಎ.ಯಿಂದ ತಮಗೆ ಕನ್ನಡಕ ಬಂದದ್ದು ಬಿಟ್ಟರೆ ಬೇರೆ ಲಾಭವಾಗಿಲ್ಲ, ಹುಡುಗನನ್ನು ಹೊಲದಲ್ಲೇ ಇಟ್ಟುಕೊಳ್ಳಿ ಎಂದು ಅವರು ಹೇಳಿದ್ದರು ಎಂಬುದು ನನ್ನ ಅಂದಾಜು. ಪೂರ್ತಿ ಖಚಿತವಿರಲಿಲ್ಲವಾದ್ದರಿಂದ, "ಬಿ.ಎ. ಮಾಡೋದು ಕಷ್ಟವಂತೆ" ಎಂದೆ.

ಅಪ್ಪ ಪಡಸಾಲೆಯಲ್ಲಿ ವಿಚಾರಿಸುವಾಗ ಅವ್ವ ಅಡುಗೆಮನೆಯಲ್ಲಿ ವಿಚಾರಿಸುತ್ತಿದ್ದಳು. ಅವಳ ಕ್ರಮವೇ ಬೇರೆ. ವಕೀಲರ ಹೆಂಡತಿಯ ಜೊತೆ ಅವರೆಕಾಯಿ ಸುಲಿಯಲು ಕೂತು, ಸೊಗಡು ಕಾಯಿಯ ಬೆಲೆಯಿಂದ ಆರಂಭಿಸಿ, ಬುಟ್ಟಿ ತುಂಬುವ ಹೊತ್ತಿಗೆ ಆ ಮನೆಯ ಗಂಡಸಿನ ಸ್ವಭಾವವನ್ನೆಲ್ಲ ತಿಳಿದುಕೊಂಡಿದ್ದಳು. ವಕೀಲರು ಪುಸ್ತಕ ಹಿಡಿದುಕೊಂಡೇ ಊಟ ಮಾಡುತ್ತಾರೆ, ಏನು ತಿಂದೆ ಎಂದು ಎದ್ದ ಮೇಲೆ ಅವರಿಗೆ ತಿಳಿಯುವುದಿಲ್ಲ ಎಂದು ಆ ಹೆಂಗಸು ಹೇಳಿದಳಂತೆ. ಅವ್ವ ನಂಬಲಿಲ್ಲವಂತೆ. ಆ ದಿನ ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಅಪ್ಪ ಮೊದಲ ತುತ್ತಿಗೇ ನಿಲ್ಲಿಸಿ ನೆಂಟರ ಮನೆಯೆಂದು ಸುಮ್ಮನಾದ. ನಾನೂ ಸುಮ್ಮನಾದೆ. ವಕೀಲರು ಪುಟ ತಿರುಗಿಸುತ್ತ ಎರಡು ಸಲ ಹಾಕಿಸಿಕೊಂಡರು.

ಸ್ಟೇಷನ್ನಿನ ದಾರಿಯಲ್ಲಿ ಅವ್ವ, "ಬ್ಯಾಡ ಕಣ್ರೀ ಬಿ.ಎ.ಗೀಯೆ. ನಾಲಿಗೇನೇ ಹೊಂಟೋಯ್ತದೆ" ಎಂದಳು. ಉಪ್ಪು ತಾನಾಗಿ ಬೀಳದೆ ಹೋಯಿತೇ, ಬೀಳದಂತೆ ಅವ್ವ ನೋಡಿಕೊಂಡಳೇ ಎಂದು ನಾನು ಹಲವು ವರ್ಷಗಳ ನಂತರ ಕೇಳಿದೆ. "ಅವರೆಕಾಯಿ ಚೆನ್ನಾಗಿತ್ತು" ಎಂದಷ್ಟೇ ಹೇಳಿದಳು.

ಅಜ್ಜಂಪುರದಲ್ಲಿ ನಾವು ಮೂರು ದಿನ ಇದ್ದೆವು. ಚಿಕ್ಕಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತರು. ಸಾಮಾನು ತೂಗಿಸಿ, ಚೀಟಿ ಅಂಟಿಸಿ, ವ್ಯಾಗನ್ನಿಗೆ ಹತ್ತಿಸುವುದು ಅವರ ಕೆಲಸ. ಕಪ್ಪು ಕೋಟು ಹಾಕಿಕೊಳ್ಳುತ್ತಿದ್ದರು. ಮೆಲುಮಾತಿನ ಮನುಷ್ಯ. ಅಪ್ಪ ಗೂಡ್ಸ್ ಶೆಡ್ಡಿನ ಕಟ್ಟೆಯ ಮೇಲೆ ಕೂತು ಅವರನ್ನು ಎರಡು ದಿನ ನೋಡಿದ. ಅವರನ್ನು ಕರೆಯಲು ಅಲ್ಲಿ ಗಂಟೆಯಿರಲಿಲ್ಲ. ಸ್ಟೇಷನ್ನಿನ ಗಂಟೆ ಹೊಡೆದರೆ ರೈಲು ಬರುತ್ತಿತ್ತೇ ಹೊರತು ಚಿಕ್ಕಪ್ಪ ಏಳಬೇಕಾಗಿರಲಿಲ್ಲ. ವರ್ತಕರು ತಾವೇ ಅವರ ಹತ್ತಿರ ಬಂದು ನಿಲ್ಲುತ್ತಿದ್ದರು. ಊಟಕ್ಕೆ ಕೂತಾಗ ಅವರು, "ಇವತ್ತು ಒಗ್ಗರಣೆಗೆ ಬೆಳ್ಳುಳ್ಳಿ ಜಾಸ್ತಿ ಆಯ್ತು" ಎಂದು ಹೇಳಿದ್ದನ್ನು ಅಪ್ಪ ವಿಶೇಷವಾಗಿ ಗಮನಿಸಿದ.

ಮೂರನೆಯ ದಿನ ಬೆಳಿಗ್ಗೆ ತೀರ್ಮಾನ ಬಂತು. "ಎಫ್.ಎ. ಸರಿಯಾದ್ದು" ಎಂದ ಅಪ್ಪ. "ಕಮ್ಮೀನೂ ಅಲ್ಲ, ಜಾಸ್ತೀನೂ ಅಲ್ಲ. ಹಿಂಗೇ ಆಗ್ಬೇಕು ನೀನು."

ಚಿಕ್ಕಪ್ಪ ಎಲೆಯಡಿಕೆ ತಟ್ಟೆಯನ್ನು ಅಪ್ಪನ ಮುಂದೆ ಸರಿಸಿದರು.

ಮುಂದಿನ ಪ್ರವೇಶಕ್ಕೆ ಇನ್ನೂ ತಿಂಗಳುಗಳಿದ್ದವು. ಹುಡುಗ ಅಷ್ಟು ದಿನ ಇಲ್ಲೇ ಇರಲಿ ಎಂದು ಚಿಕ್ಕಪ್ಪನೇ ಕೇಳಿದರು. ಅವರಿಗೆ ಮಕ್ಕಳಿರಲಿಲ್ಲ. "ಇರ್ಲಿ, ಎಫ್.ಎ. ಮಾಡಿದೋರ ಗಾಳಿಯಾದ್ರೂ ಸೋಕ್ತದೆ" ಎಂದು ಅಪ್ಪ ನನ್ನನ್ನು ಬಿಟ್ಟು ಅವ್ವನೊಂದಿಗೆ ಊರಿಗೆ ಹೋದ. ರೈಲು ಹೊರಡುವಾಗ ಅವ್ವ ಕಿಟಕಿಯಿಂದ ಏನೋ ಹೇಳುವವಳಂತೆ ನನ್ನನ್ನು ನೋಡಿ, ಆಮೇಲೆ ಅಪ್ಪನನ್ನು ನೋಡಿ, ಸೆರಗು ಸರಿಮಾಡಿಕೊಂಡು ಕೂತಳು.

ಬೆಳಗಿನ ಪ್ಯಾಸೆಂಜರಿಗೂ ಸಂಜೆಯ ಗೂಡ್ಸಿಗೂ ನಡುವೆ ಚಿಕ್ಕಪ್ಪನಿಗೆ ಬಹಳ ಬಿಡುವಿರುತ್ತಿತ್ತು. ಒಂದು ಮಧ್ಯಾಹ್ನ ಅವರು ನನ್ನನ್ನು ಗೂಡ್ಸ್ ಶೆಡ್ಡಿಗೆ ಕರೆದುಕೊಂಡು ಹೋಗಿ ಬಾಗಿಲು ಅರ್ಧ ಎಳೆದರು. ಒಳಗೆ ಮೆಣಸಿನಕಾಯಿ ಮೂಟೆಗಳಿದ್ದವು. ಇಬ್ಬರೂ ಸ್ವಲ್ಪ ಹೊತ್ತು ಸೀನಿದೆವು. ಆಮೇಲೆ ಅವರು ಖಾಲಿ ಗೋಣಿಚೀಲಗಳ ಅಡಿಯಿಂದ ಒಂದು ಪುಸ್ತಕ ತೆಗೆದರು. ಅದಕ್ಕೆ ರೈಲ್ವೆಯ ನೀಲಿ ಕಾಗದದ ಹೊದಿಕೆ ಹಾಕಿತ್ತು. ಒಳಗೆ ಆಲ್ಜಿಬ್ರಾ.

"ನನ್ನ ಸ್ನೇಹಿತನೊಬ್ಬ ಇದಾನೆ ಕಣಪ್ಪಾ" ಎಂದರು. "ಎಫ್.ಎ. ಪರೀಕ್ಷೆಗೆ ಕೂತಿದಾನೆ. ಬಾಕಿ ಎಲ್ಲ ಆಗೋಗಿದೆ, ಗಣಿತ ಒಂದು ಆಗ್ತಿಲ್ಲ. ಈ ಲೆಕ್ಕ ಹೆಂಗೆ ಅಂತ ಕೇಳಿ ಕಳ್ಸಿದಾನೆ. ನಂಗೆ ಮರ್ತೋಗಿದೆ. ನೀನೀಗ ತಾನೆ ಓದಿದೋನು."

ನಾನು ಲೆಕ್ಕ ಮಾಡಿ ತೋರಿಸಿದೆ. ಅವರು ಅದನ್ನು ಬೇರೆ ಹಾಳೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡರು. ಮರುದಿನ ಸ್ನೇಹಿತ ಇನ್ನೊಂದು ಲೆಕ್ಕ ಕಳಿಸಿದ. ಅದರ ಮರುದಿನ ಮೂರು ಕಳಿಸಿದ. ಸ್ನೇಹಿತ ತಾನೇ ಮಾಡಿದ ಕೆಲವು ಲೆಕ್ಕಗಳೂ ಬರತೊಡಗಿದವು. ಅವು ಚಿಕ್ಕಪ್ಪನ ಅಕ್ಷರದಲ್ಲೇ ಇರುತ್ತಿದ್ದವು.

"ನಿಮ್ಮ ಸ್ನೇಹಿತರು ಇಲ್ಲಿ ಚಿಹ್ನೆ ಬದಲಾಯಿಸಿಲ್ಲ, ಚಿಕ್ಕಪ್ಪ" ಎನ್ನುತ್ತಿದ್ದೆ.

"ಅವ್ನು ಹಂಗೇ. ಹೇಳ್ತೀನಿ ಅವ್ನಿಗೆ" ಎನ್ನುತ್ತಿದ್ದರು.

ಹೀಗೆ ಮೂರು ವಾರ ನಡೆಯಿತು. ಒಂದು ದಿನ ನಾನು ಏನೂ ಯೋಚಿಸದೆ, "ನಿಮ್ಮ ಸ್ನೇಹಿತರದು ಯಾವೂರು?" ಎಂದು ಕೇಳಿದೆ.

ಚಿಕ್ಕಪ್ಪ ಕೂಡ ಏನೂ ಯೋಚಿಸದೆ, "ಅಜ್ಜಂಪುರ" ಎಂದರು.

ಅಜ್ಜಂಪುರ ದೊಡ್ಡ ಊರಲ್ಲ. ಹೊರಗೆ ಯಾರೋ ಎತ್ತುಗಳನ್ನು ಹೊಡೆದುಕೊಂಡು ಹೋದರು. ಆಮೇಲೆ ಚಿಕ್ಕಪ್ಪ ಕಪ್ಪು ಕೋಟು ಬಿಚ್ಚಿ ಮೂಟೆಯ ಮೇಲೆ ಹಾಕಿ, "ಏಳು ಸಲ ಕೂತೆ ಕಣಪ್ಪಾ" ಎಂದರು.

ಅವರು ಹೇಳಿದ್ದು ಇಷ್ಟು. ಎಫ್.ಎ. ಓದುತ್ತಿದ್ದಾಗಲೇ ಮದುವೆ ಗೊತ್ತಾಗಿತ್ತು. ನಮ್ಮ ಅಜ್ಜ, ಅಂದರೆ ಅವ್ವನ ಅಪ್ಪ, ಹುಡುಗ ಎಫ್.ಎ. ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಲಗ್ನದ ಕಾಗದ ಹಂಚಿದ ಮೇಲೆ ಪರೀಕ್ಷೆಯ ಫಲಿತಾಂಶ ಬಂತು. ಚಿಕ್ಕಪ್ಪ ಗಣಿತದಲ್ಲಿ ನಪಾಸಾಗಿದ್ದರು. "ಮುಂದಿನ ಸಲ ಪಾಸಾಗ್ಬಿಟ್ರೆ ಸುಳ್ಳು ಹೇಳ್ದಂಗೆ ಆಗಲ್ವಲ್ಲ ಅಂದ್ಕೊಂಡೆ. ಸ್ವಲ್ಪ ಮುಂಚೆ ಹೇಳ್ದಂಗಷ್ಟೇ ಆಗ್ತದೆ ಅಂತ" ಎಂದರು. ಆ ಮುಂದಿನ ಸಲ ಏಳು ಸಲ ಬಂದು ಹೋಗಿತ್ತು. ಪ್ರತಿವರ್ಷ ಡಿಸೆಂಬರಿನಲ್ಲಿ ರೈಲ್ವೆ ಕೆಲಸವೆಂದು ಹೇಳಿ ಬೆಂಗಳೂರಿಗೆ ಹೋಗಿ, ತಮಗಿಂತ ಏಳೆಂಟು ವರ್ಷ ಚಿಕ್ಕವರ ಜೊತೆ ಬೆಂಚಿನ ಮೇಲೆ ಕೂತು ಬರೆದು ಬರುತ್ತಿದ್ದರು.

"ನಿಮ್ಮ ಚಿಕ್ಕವ್ವಂಗೆ ಗೊತ್ತಿಲ್ಲ. ಗೊತ್ತಾಗೋದು ಬೇಡ" ಎಂದರು. ನಾನು ಆಗಲಿ ಎಂದೆ.

ಚಿಕ್ಕವ್ವನಿಗೆ ಮೊದಲ ವರ್ಷದಿಂದಲೇ ಗೊತ್ತಿತ್ತು. ನಾವು ಅಜ್ಜಂಪುರದಲ್ಲಿದ್ದ ಆ ಮೂರು ದಿನಗಳಲ್ಲಿ ಅವಳು ಅದನ್ನು ಅವ್ವನಿಗೆ ಹೇಳಿದ್ದಳು. "ವರ್ಷವರ್ಷ ಹೋಗ್ಬೇಕಾದ್ರೆ ಹಣೆತುಂಬ, ತೋಳುತುಂಬ ವಿಭೂತಿ ಬಳ್ಕೊಂಡು, ದೇವ್ರ ಮುಂದೆ ಅರ್ಧ ಗಂಟೆ ನಿಂತ್ಕತಾರಕ್ಕಾ. ಮೂಟೆ ತೂಕ ಹಾಕಕ್ಕೆ ಯಾರಾದ್ರೂ ಅಷ್ಟೊತ್ತು ನಿಂತ್ಕತಾರಾ?" ಎಂದಿದ್ದಳಂತೆ. ಅವ್ವ ಅದನ್ನು ಅಪ್ಪನಿಗೆ ಹೇಳಲಿಲ್ಲ. ನನಗೂ ಇದೆಲ್ಲ ತಿಳಿದದ್ದು ಆಮೇಲೆ.

ಆ ದಿನದಿಂದ ನಾನು ಚಿಕ್ಕಪ್ಪನ ಮೇಷ್ಟರಾದೆ. ಎಫ್.ಎ. ಗಣಿತ ನನಗೂ ಪೂರ್ತಿ ಬರುತ್ತಿರಲಿಲ್ಲ. ಬೆಳಿಗ್ಗೆ ನಾನು ಒಂದು ಪಾಠ ಓದಿ ಅರ್ಥಮಾಡಿಕೊಳ್ಳುವುದು, ಮಧ್ಯಾಹ್ನ ಅವರಿಗೆ ಹೇಳುವುದು ಎಂದಾಯಿತು. ಅವರ ತೊಂದರೆ ಏನೆಂದು ಹುಡುಕಲು ನನಗೆ ಬಹಳ ದಿನ ಬೇಕಾಯಿತು. ಬಾಯಿಲೆಕ್ಕದಲ್ಲಿ ಅವರು ಗಟ್ಟಿಗರು. ಇಪ್ಪತ್ತು ಮೂಟೆಯ ತೂಕವನ್ನು ನಿಂತಲ್ಲೇ ಕೂಡಿ ಹೇಳುತ್ತಿದ್ದರು. ಆದರೆ ಅಂಕಿ ಇರಬೇಕಾದ ಜಾಗದಲ್ಲಿ ಎಕ್ಸ್ ಎಂದು ಕಂಡ ಕೂಡಲೇ ಅವರಿಗೆ ಅವಮಾನವಾದಂತಾಗುತ್ತಿತ್ತು. "ಅದೆಷ್ಟು ಅಂತ ಮೊದ್ಲೇ ಹೇಳಿದ್ರೆ ಇವ್ನ ಗಂಟೇನು ಹೋಗ್ತಿತ್ತು?" ಎಂದು ಪುಸ್ತಕದ ಮೇಲೆ ಸಿಟ್ಟಾಗುತ್ತಿದ್ದರು. ಮೆಟ್ರಿಕ್ಯುಲೇಷನ್ನಿನ ಆಲ್ಜಿಬ್ರಾವನ್ನು ಅವರು ಅರ್ಥಮಾಡಿಕೊಂಡಿರಲಿಲ್ಲ, ಬಾಯಿಪಾಠ ಮಾಡಿ ದಾಟಿದ್ದರು.

ಒಂದು ದಿನ ಅವರು ಪುಸ್ತಕ ಮುಚ್ಚಿ, "ಇದು ನನ್ನ ಹಣೇಲಿ ಬರ್ದಿಲ್ಲ, ಬಿಡು" ಎಂದು ಎದ್ದರು. ನನಗೂ ಬೇಸರ ಬಂದಿತ್ತು. ತೂಕದ ಯಂತ್ರದ ಪಕ್ಕದಲ್ಲಿ ಚೀಟಿ ಅಂಟಿಸದ ಎರಡು ಮೂಟೆಗಳಿದ್ದವು. ಅವನ್ನು ತೋರಿಸಿ ಕೇಳಿದೆ:

"ಚಿಕ್ಕಪ್ಪ, ಈ ಎರಡೂ ಒಂದೇ ತೂಕ ಅಂತಿಟ್ಕೊಳಿ. ಎಷ್ಟು ಅಂತ ಗೊತ್ತಿಲ್ಲ. ಜೊತೆಗೆ ಹತ್ತು ಸೇರಿನ ಕಲ್ಲು ಒಂದು ಇಟ್ಟಿದೆ. ಎಲ್ಲ ಸೇರಿ ಎಪ್ಪತ್ತು ಸೇರು ತೂಗ್ತಾ ಇದೆ. ಒಂದು ಮೂಟೆ ಎಷ್ಟು?"

"ಮೂವತ್ತು" ಎಂದರು, ಕೋಟು ಹಾಕಿಕೊಳ್ಳುತ್ತಲೇ.

"ಹೆಂಗೆ ಹೇಳಿದ್ರಿ?"

"ಕಲ್ಲು ತೆಗ್ದೆ. ಅರವತ್ತು ಉಳೀತು. ಎರಡು ಮೂಟೆ ಅಲ್ವಾ?"

"ಚೀಟಿ ಅಂಟಿಸದೇ ಇರೋ ಮೂಟೇನೇ ಎಕ್ಸ್, ಚಿಕ್ಕಪ್ಪ."

ಅವರ ಒಂದು ತೋಳು ಕೋಟಿನೊಳಗಿತ್ತು, ಇನ್ನೊಂದು ಹೊರಗಿತ್ತು. ಹಾಗೇ ನಿಂತರು. ಮೂಟೆಗಳನ್ನು ನೋಡಿದರು. ಪುಸ್ತಕ ತೆರೆದು, ಹಿಂದಿನ ದಿನ ಬಿಟ್ಟಿದ್ದ ಲೆಕ್ಕವನ್ನು ಬೆರಳಿಟ್ಟು ಓದಿದರು. ಅವರ ತುಟಿ ಅಲ್ಲಾಡುತ್ತಿತ್ತು. ಆಮೇಲೆ ನನ್ನ ಕಡೆ ನೋಡಿದರು. ಆ ಮುಖವನ್ನು ವರ್ಣಿಸಲು ನನಗೆ ಬಾರದು. ಹದಿಮೂರು ವರ್ಷದ ಹುಡುಗನ ಮುಖ ಎಂದರೆ ಅವರಿಗೆ ಅಗೌರವವಾದೀತು. "ಇಷ್ಟೇನೋ!" ಎಂದರು. "ಇಷ್ಟೇ ಅಂತ ಒಬ್ರಾದ್ರೂ ಹೇಳ್ಬಾರ್ದಿತ್ತೇನೋ!"

ಆ ಸಂಜೆ ಗೂಡ್ಸ್ ಗಾಡಿ ಬಂದು ನಿಂತು ಸೀಟಿ ಹಾಕಿತು. ಚಿಕ್ಕಪ್ಪ ಲೆಕ್ಕ ಮುಗಿಸಿಯೇ ಎದ್ದರು.

ನನಗೆ ಆ ದಿನ ಊಟ ಸರಿಯಾಗಿ ಸೇರಲಿಲ್ಲ. ಸಂತೋಷಕ್ಕೆ ಹೀಗೂ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇನ್ನೊಮ್ಮೆ ಯಾರದಾದರೂ ಮುಖ ಹಾಗಾಗುವುದನ್ನು ನೋಡಬೇಕು ಎನ್ನಿಸಿತು. ಓದಿನ ಬಗ್ಗೆ ನನಗೆ ಹುಟ್ಟಿದ ಮೊದಲ ಆಸೆ ಅದು. ಅದನ್ನು ಯಾರಿಗೂ ಹೇಳಲಿಲ್ಲ. ನಾರ್ಮಲ್ ಸ್ಕೂಲಿನ ವಿಷಯ ಕೇಳಿ ಹೆಡ್‌ಮಾಸ್ತರರಿಗೆ ಒಂದು ಕಾಗದ ಮಾತ್ರ ಹಾಕಿದೆ.

ಡಿಸೆಂಬರ್ ಬಂತು. ಚಿಕ್ಕಪ್ಪ ಎಂದಿನಂತೆ ವಿಭೂತಿ ಧರಿಸಿ, ದೇವರ ಮುಂದೆ ನಿಂತು, ಟ್ರಂಕು ಹಿಡಿದು ಹೊರಟರು. ಚಿಕ್ಕವ್ವ ಬುತ್ತಿಯ ಗಂಟು ಕೊಟ್ಟಳು. ಅವರು ಹೊಸ್ತಿಲು ದಾಟುವಾಗ ಹಿಂದಿನಿಂದ, "ನಿಧಾನಕ್ಕೆ ಬರೀರಿ. ಬರ್ದಿದ್ದನ್ನ ಇನ್ನೊಂದ್ ಸಲ ನೋಡ್ಕೊಂಡು ಕೊಡಿ" ಎಂದಳು.

ಚಿಕ್ಕಪ್ಪ ಬೆನ್ನು ತಿರುಗಿಸಿಕೊಂಡೇ ನಿಂತರು. "ಹೂಂ" ಎಂದರು. ಹೋದರು. ಟ್ರಂಕು ಅವರ ಕೈಯಿಂದ ತೆಗೆದುಕೊಂಡು ಸ್ಟೇಷನ್ನಿನವರೆಗೆ ನಾನೂ ಹೋದೆ. ರೈಲು ಹತ್ತಿದ ಮೇಲೆ, "ಎಷ್ಟು ವರ್ಷದಿಂದ ಗೊತ್ತಂತೋ ಅವ್ಳಿಗೆ?" ಎಂದು ಕೇಳಿದರು. ನನಗೆ ತಿಳಿಯದು ಎಂದೆ.

ಫಲಿತಾಂಶ ಬಂದಾಗ ಮೂರನೆಯ ದರ್ಜೆಯ ಪಟ್ಟಿಯ ಕೆಳಭಾಗದಲ್ಲಿ ಚಿಕ್ಕಪ್ಪನ ನಂಬರು ಇತ್ತು. ಅವರು ಅದನ್ನು ಸ್ಟೇಷನ್ನಿನಲ್ಲೇ ನೋಡಿ, ಕಾಗದ ಮಡಿಚಿ ಜೇಬಿಗಿಟ್ಟು, ಆ ದಿನದ ಮೂಟೆಗಳನ್ನೆಲ್ಲ ತೂಗಿಸಿ ಮನೆಗೆ ಬಂದರು. ಚಿಕ್ಕವ್ವನಿಗೆ ತೋರಿಸಿದರು. ಅವಳಿಗೆ ಓದಲು ಬರುತ್ತಿರಲಿಲ್ಲ. ನಂಬರು ಎಲ್ಲಿದೆಯೆಂದು ಕೇಳಿ, ಅದರ ಮೇಲೆ ಬೆರಳಿಟ್ಟು, ಕಣ್ಣೊರೆಸಿಕೊಂಡು, ಬೇಳೆ ಬೇಯಲು ಇಟ್ಟಳು.

ಆಗ ಒಂದು ತೊಡಕು ಎದುರಾಯಿತು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಊರಿನವರ ಲೆಕ್ಕದಲ್ಲಿ, ನೆಂಟರ ಲೆಕ್ಕದಲ್ಲಿ, ಸ್ಟೇಷನ್ ಮಾಸ್ತರರ ಲೆಕ್ಕದಲ್ಲಿ ಚಿಕ್ಕಪ್ಪ ಎಂದೋ ಎಫ್.ಎ. ಆಗಿದ್ದರು. ಪಕ್ಕದ ಮನೆಯವರಿಗೆ ಒಬ್ಬಟ್ಟು ಕೊಟ್ಟುಬರಲು ಹೋದಾಗ, ಇವತ್ತೇನು ಹಬ್ಬ ಎಂದು ಅವರು ಕೇಳಿದರು. ಚಿಕ್ಕವ್ವ, "ಹರಕೆ ಇತ್ತು" ಎಂದಳು. ಏನು ಹರಕೆ ಎಂದು ಅವರು ಕೇಳಲಿಲ್ಲ. ಮಕ್ಕಳಿಲ್ಲದ ಮನೆಯಲ್ವೇ ಎಂದು ತಾವೇ ಅರ್ಥಮಾಡಿಕೊಂಡು, ಆಮೇಲೆ ಒಂದೆರಡು ತಿಂಗಳು ಚಿಕ್ಕವ್ವನನ್ನು ಗಮನವಿಟ್ಟು ನೋಡುತ್ತಿದ್ದರಂತೆ.

ಮರುವಾರ ಅಪ್ಪ ನನ್ನನ್ನು ಕರೆದುಕೊಂಡು ಹೋಗಲು ಬಂದ. ಈ ಸಲ ಪ್ರವೇಶ ತಪ್ಪಬಾರದೆಂದು ಮುಂಚಿತವಾಗಿಯೇ ಬಂದಿದ್ದ. ಊಟವಾದ ಮೇಲೆ ನಾನು ಧೈರ್ಯ ಮಾಡಿ, "ಅಪ್ಪಾ, ನಾನು ಎಫ್.ಎ.ಗೆ ಹೋಗಲ್ಲ. ನಾರ್ಮಲ್ ಸ್ಕೂಲಿಗೆ ಹೋಗ್ತೀನಿ. ಮೇಷ್ಟ್ರಾಗ್ತೀನಿ" ಎಂದೆ.

ಅಪ್ಪನಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. "ಕಡೂರು ನೋಡ್ದೆ. ತರೀಕೆರೆ ನೋಡ್ದೆ. ಇಲ್ಲಿ ಮೂರು ದಿನ ಕೂತು ನೋಡ್ದೆ. ಎಫ್.ಎ. ಅಂತ ಗೊತ್ತು ಮಾಡ್ದೆ. ಈಗ ಇದ್ಯಾವುದೋ ತೆಗೀತೀಯಾ?" ಎಂದ. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, "ನೀನೇ ಹೇಳು ತಮ್ಮಾ. ಎಫ್.ಎ. ಮಾಡಿ ನಿಂಗೇನು ಕಮ್ಮಿ ಆಯ್ತು?" ಎಂದ.

ಚಿಕ್ಕಪ್ಪ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಚಿಕ್ಕವ್ವ ನಿಂತಿದ್ದಳು. ಅವಳು ಕದಲಲಿಲ್ಲ.

"ಅಣ್ಣ, ನನ್ನ ಎಫ್.ಎ. ಆಗಿದ್ದು ಹೋದ ವಾರ" ಎಂದರು.

ಅಪ್ಪನಿಗೆ ಅರ್ಥವಾಗಲಿಲ್ಲ. ಚಿಕ್ಕಪ್ಪ ಮೊದಲಿನಿಂದ ಹೇಳಿದರು. ಲಗ್ನದ ಕಾಗದ, ಏಳು ಡಿಸೆಂಬರು, ಗೂಡ್ಸ್ ಶೆಡ್ಡು, ಮೂಟೆ, ಯಾವುದನ್ನೂ ಬಿಡಲಿಲ್ಲ. ಅಪ್ಪ ವಕೀಲರ ಮಾತು ಕೇಳಿದಂತೆಯೇ ಕೈಕಟ್ಟಿಕೊಂಡು ಕೇಳಿದ. ಮುಗಿದ ಮೇಲೆ ಕೇಳಿದ:

"ಹಂಗಾದ್ರೆ ಆವತ್ತು ಕಟ್ಟೆ ಮೇಲೆ ಕೂತು ನಾನು ನೋಡಿದ್ದೇನು?"

"ಮೆಟ್ರಿಕ್ಯುಲೇಷನ್ನು ಅಣ್ಣ" ಎಂದರು ಚಿಕ್ಕಪ್ಪ.

ಅಪ್ಪ ಅದನ್ನು ಮನಸ್ಸಿನಲ್ಲಿ ತಿರುವಿಹಾಕುವುದು ಕಾಣುತ್ತಿತ್ತು. ಅಜ್ಜನಿಗೆ ಸುಳ್ಳು ಹೇಳಿ ಹೆಣ್ಣು ತಂದದ್ದರ ಬಗ್ಗೆ ಅವನು ಏನಾದರೂ ಅನ್ನುತ್ತಾನೆಂದು ನಾನು ಹೆದರಿದ್ದೆ. ಅವನ ತಲೆ ಅತ್ತ ಹೋಗಿರಲೇ ಇಲ್ಲ. "ಕಡೂರಿನೋನೂ ಅದೇ, ನೀನೂ ಅದೇ" ಎಂದ. "ಮತ್ತೆ ಅವನ್ಯಾಕೆ ಅಷ್ಟು ಸಲ ಏಳ್ತಿದ್ದ?"

ಎಲೆಯಡಿಕೆ ಮುಗಿಯುವವರೆಗೆ ಅಪ್ಪ ಕೂತಿದ್ದ. ಆಮೇಲೆ ನನ್ನನ್ನು ನೋಡಿ, "ನೀ ಹೇಳ್ಕೊಟ್ಟೇನಾ ಇವ್ರಿಗೆ?" ಎಂದು ಕೇಳಿದ. ಹೌದು ಎಂದೆ. "ಏಳು ವರ್ಷ ಆಗದೇ ಇದ್ದದ್ದು ಆಯ್ತಾ?" ಹೌದು ಎಂದೆ. "ಎಲ್ಲೈತೆ ಅದು, ನಾರುಮಲ್ಲು?" ಎಂದ. ಮೈಸೂರಿನಲ್ಲಿದೆ ಎಂದೆ. "ಸರಿ. ಒಂದ್ ಸಲ ಹೋಗಿ ನೋಡ್ಬಿಡಾಣ" ಎಂದ.

ಆ ಮಾತನ್ನು ಅವನು ನಡೆಸದಂತೆ ಅವ್ವ ನೋಡಿಕೊಂಡಳು. ಇಲ್ಲದಿದ್ದರೆ ಆ ವರ್ಷದ ಪ್ರವೇಶವೂ ತಪ್ಪುತ್ತಿತ್ತು. ನಾನೊಬ್ಬನೇ ಮೈಸೂರಿಗೆ ಹೋದೆ. ನಾರುಮಲ್ಲು ಬಿ.ಎ.ಗಿಂತ ಮೇಲಿನದು, ಅರಮನೆ ಇರುವ ಊರಿನಲ್ಲೇ ಅದನ್ನು ಓದಬೇಕು ಎಂದು ಅಪ್ಪ ಯಗಟಿಯಲ್ಲಿ ಎಲ್ಲರಿಗೂ ಹೇಳಿದನೆಂದು ರಜೆಗೆ ಬಂದಾಗ ತಿಳಿಯಿತು. ನಾನು ತಿದ್ದಲಿಲ್ಲ. ತರಬೇತಿ ಮುಗಿದ ಮೇಲೆ ದೇವನೂರಿನ ಶಾಲೆಗೆ ನೇಮಕವಾಯಿತು, ಕೆಲವು ವರ್ಷಗಳ ಮೇಲೆ ಸಖರಾಯಪಟ್ಟಣಕ್ಕೆ ವರ್ಗವಾಯಿತು. ನಾನು ನೋಡಬೇಕೆಂದುಕೊಂಡಿದ್ದ ಆ ಮುಖ ದಿನವೂ ಕಾಣಲಿಲ್ಲ. ತಿಂಗಳಿಗೆ ಒಂದೋ ಎರಡೋ ಸಲ ಕಾಣುತ್ತಿತ್ತು. ಕೆಲವು ತಿಂಗಳು ಕಾಣಲೇ ಇಲ್ಲ.

ಚಿಕ್ಕಪ್ಪ ಅಜ್ಜಂಪುರದಲ್ಲೇ ಉಳಿದರು. ಎಫ್.ಎ. ಆದದ್ದರಿಂದ ಅವರ ಕೆಲಸದಲ್ಲಿ ಏನೂ ಬದಲಾಗಲಿಲ್ಲ. ಅದು ಮೊದಲೇ ಆಗಿದೆಯೆಂದು ರೈಲ್ವೆಯವರೂ ತಿಳಿದಿದ್ದರೋ ಏನೋ. ಮರುವರ್ಷ ಡಿಸೆಂಬರ್ ಬಂದಾಗ ಅವರಿಗೆ ಏನು ಮಾಡಬೇಕೆಂದು ತೋಚದೆ ಮನೆಯಲ್ಲೇ ಅತ್ತಿಂದಿತ್ತ ಓಡಾಡುತ್ತಿದ್ದರೆಂದು ಚಿಕ್ಕವ್ವ ಹೇಳಿದಳು. ನಾನು ದೇವನೂರಿಗೆ ಬಂದ ಎರಡನೇ ವರ್ಷ ಅವರಿಂದ ಒಂದು ಕಾರ್ಡು ಬಂತು. ಕ್ಷೇಮಸಮಾಚಾರದ ನಂತರ ಒಂದೇ ಸಾಲು ಇತ್ತು: ಬಿ.ಎ.ಗೆ ಗಣಿತ ಕಡ್ಡಾಯವೇ, ವಿಚಾರಿಸಿ ತಿಳಿಸು.

ಕಡ್ಡಾಯವಲ್ಲ, ಬೇರೆ ವಿಷಯ ತೆಗೆದುಕೊಳ್ಳಬಹುದು ಎಂದು ವಿಚಾರಿಸಿ ಬರೆದೆ. ತಿರುಗಿ ಬಂದ ಕಾರ್ಡಿನಲ್ಲಿ, ತಮಗೆ ಗಣಿತವೇ ಬೇಕೆಂದು ಅವರು ಬರೆದಿದ್ದರು.